ಒತ್ತಿನೆಣೆಯ ಮಳೆತಂಗಿ

ಆಸಾಡಿ ತಿಂಗಳ ನಲವತ್ತೊಂದನೇ ದಿನ
ಕಾಳಿ ಅಳಿವೆಯೊಳಗೆ ಕಟ್ಟಿದ ಹಡಗಿನಿಂದ

ನನಗಿಂತ ಬಹಳ ಮೊದಲು ಬದುಕುತ್ತಿರುವ ನಿಮಗೆ ಮೂಕಾಂಬು ಮಾಡುವ ನಮಸ್ಕಾರಗಳು.

ಮೇಲಿನ ತಾರೀಖನ್ನು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ನಿಮ್ಮ ತಿಂಗಳುಗಳು ಮೂವತ್ತಕ್ಕೋ ಮೂವತ್ತೊಂದಕ್ಕೋ ಮುಗಿಯುತ್ತಿದ್ದವೆಂದು ಕೇಳಿದ್ದೇನೆ. ನಮ್ಮಲ್ಲಿ ಕಡಲು ಇಳಿದು ಹಡಗು ಬಿಡಬಹುದು ಎನ್ನುವವರೆಗೆ ಆಸಾಡಿ, ಎಂದರೆ ನಿಮ್ಮ ಆಷಾಢ, ಮುಗಿಯುವುದಿಲ್ಲ. ನನ್ನ ಮಾತುಗಳೂ ನಿಮಗೆ ಹೀಗೇ ಅಳತೆ ತಪ್ಪಿದಂತೆ ಕೇಳಿಸಬಹುದು, ಕ್ಷಮಿಸಿ. ಬರೆಯುವ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಬಾಯಲ್ಲಿರುವುದು ಕುಂದಾಪುರದ ಕಡೆಯ ಮಾತು. ಕುಂದಾಪುರ ಎಂಬ ಊರು ಈಗಿಲ್ಲ, ಮಾತು ಉಳಿದಿದೆ.

ಈ ಕಾಗದ ನಿಮ್ಮನ್ನು ತಲುಪುವ ದಾರಿ ಯಾವುದೆಂದು ನನಗೆ ತಿಳಿಯದು. ಮಳೆಗಾಲ ಹಿಡಿದ ಮೇಲೆ ಹಡಗನ್ನು ಅಳಿವೆಯ ಒಳಕ್ಕೆ ತಂದು ಕಟ್ಟಿ ಎಲ್ಲರೂ ಮನೆಗೆ ಹೋಗುತ್ತಾರೆ. ಕಾವಲಿಗೆ ಒಬ್ಬರು ಉಳಿಯಬೇಕು, ಈಗ ಆ ಒಬ್ಬಳು ಪ್ರತಿ ವರ್ಷ ನಾನೇ. ಹಗಲಿಡೀ ಮಳೆಯ ಸದ್ದಲ್ಲದೆ ಬೇರೆ ಸದ್ದಿಲ್ಲ. ಮೊನ್ನೆ ನನ್ನ ಧ್ವನಿ ಸರಿಯಿದೆಯೇ ನೋಡೋಣವೆಂದು ಅಡುಗೆ ಮಾಡುವಾಗ ಸುಮ್ಮನೆ ಜೋರಾಗಿ ಮಾತಾಡಿದೆ. ಕೇಳಿ ನನಗೇ ನಾಚಿಕೆಯಾಯಿತು. ಅದಕ್ಕಿಂತ ಬರೆಯುವುದು ವಾಸಿ.

ನೀವು ಮರವಂತೆಯಲ್ಲಿ ಬಸ್ಸಿನ ಕಿಟಕಿಯಿಂದ ಒಂದು ಪಕ್ಕ ಕಡಲನ್ನೂ ಇನ್ನೊಂದು ಪಕ್ಕ ಹೊಳೆಯನ್ನೂ ನೋಡಿರಬಹುದು. ಆ ರಸ್ತೆ ಹೋಯಿತು, ಹೊಳೆ ಕಡಲೊಳಗೆ ಸೇರಿತು. ಕರಾವಳಿಯ ಎತ್ತರದ ಗುಡ್ಡಗಳು ಮಾತ್ರ ನೀರಿನ ಮೇಲೆ ಉಳಿದವು. ಜನ ಅವುಗಳ ಮೇಲೆ ಹತ್ತಿ ಕುಳಿತರು. ನಮ್ಮ ಮುತ್ತಜ್ಜಿಯರ ಕಾಲಕ್ಕಾಗಲೇ ಒಂದೊಂದು ಗುಡ್ಡವೂ ಒಂದೊಂದು ದ್ವೀಪನಾಡಾಗಿತ್ತು. ಪ್ರತಿ ನಾಡಿಗೂ ತನ್ನದೇ ಹಿರಿಯರ ಕೂಟ, ತನ್ನದೇ ಬಾವುಟ, ತನ್ನದೇ ಜಗಳಗಳು. ಇವನ್ನೆಲ್ಲ ಒಟ್ಟಿಗೆ ಹಿಡಿದಿರುವುದು ರೆಕ್ಕೆಹಡಗುಗಳು. ಎಣ್ಣೆ ಉರಿಸುವ ಹಡಗುಗಳನ್ನು ನಾನು ಚಿತ್ರದಲ್ಲಷ್ಟೇ ಕಂಡಿದ್ದೇನೆ. ನಮ್ಮವಕ್ಕೆ ಹದ್ದಿನ ರೆಕ್ಕೆಯಂಥ ಎತ್ತರದ ಗಟ್ಟಿ ಹಾಯಿಗಳಿವೆ, ಗಾಳಿ ತಿರುಗಿದತ್ತ ಅವೇ ತಿರುಗಿಕೊಳ್ಳುತ್ತವೆ. ಅಕ್ಕಿ, ಮದ್ದು, ಬಟ್ಟೆ, ಶಾಲೆಯ ಮೇಷ್ಟ್ರು ಎಲ್ಲ ಇವುಗಳಲ್ಲೇ ಬರಬೇಕು. ಒಣಮೀನು, ಹುರಿಹಗ್ಗ, ಮದುವೆಯಾದ ಹೆಣ್ಣುಮಕ್ಕಳು ಇವುಗಳಲ್ಲೇ ಹೋಗಬೇಕು.

ನನ್ನ ಕೆಲಸಕ್ಕೆ ರೇವುನುಡಿ ಎನ್ನುತ್ತಾರೆ. ಯಾವುದಾದರೂ ದ್ವೀಪನಾಡು ಕೇಳಿಕೊಂಡರೆ ನಾನು ಹೋಗಿ ಅಲ್ಲಿ ಕೆಲವು ವಾರ ಇರುತ್ತೇನೆ. ಅಲೆ ನೋಡುತ್ತೇನೆ, ಮರಳು ಎತ್ತ ಹರಿಯುತ್ತದೆಂದು ನೋಡುತ್ತೇನೆ, ಬಾವಿಯ ನೀರು ಕುಡಿದು ನೋಡುತ್ತೇನೆ. ಕೊನೆಗೆ, ಹಡಗು ಎಲ್ಲಿ ನಿಲ್ಲಬೇಕು, ಎಷ್ಟು ಸಲ ಬರಬೇಕು, ಅವರ ಮೊಮ್ಮಕ್ಕಳ ಕಾಲಕ್ಕೂ ಆ ನೆಲ ತಾಳಬೇಕಾದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಿ, ಬರೆದು ಕೊಡುತ್ತೇನೆ; ಆ ಸಲಹೆಯೇ ನುಡಿ. ಕಟ್ಟುವುದು, ಬಿಡುವುದು ಅವರಿಗೆ ಸೇರಿದ್ದು. ಬಂದ ದಿನ ಎಲ್ಲರೂ ಊಟಕ್ಕೆ ಕರೆಯುತ್ತಾರೆ. ಹೇಳುವುದನ್ನು ಹೇಳಿಯಾದ ಮೇಲೆ ಕರೆಯುವವರು ಕಡಿಮೆ.

ಆದರೂ ಬಹಳ ವರ್ಷ ನನಗೆ ಒಂಟಿ ಎನ್ನಿಸಿರಲಿಲ್ಲ, ಏಕೆಂದರೆ ಮೈಮೂನ ಇದ್ದಳು. ಅವಳು ನಮ್ಮ ಹಡಗಿನ ದಾದಿ, ಭಟ್ಕಳದ ಗುಡ್ಡದವಳು. ನಮ್ಮಿಬ್ಬರಿಗೂ ಒಂದೇ ಕೋಣೆ, ಮಳೆಗಾಲದ ಕಾವಲೂ ಒಟ್ಟಿಗೇ. ಮೀನಿನ ಸಾರಿಗೆ ಹುಣಸೆಯೋ ಪುನರ್ಪುಳಿಯೋ ಎಂಬ ವಿಷಯಕ್ಕೆ ನಾವು ಮಾತು ಬಿಟ್ಟು ಕುಳಿತದ್ದುಂಟು. ನಾನು ಯಾವುದಾದರೂ ಊರಿನವರಿಂದ ಬೈಸಿಕೊಂಡು ಬಂದರೆ ಅವಳು ಏನನ್ನೂ ಕೇಳದೆ ತಲೆಗೆ ಎಣ್ಣೆ ಹಚ್ಚಲು ಕೂರುತ್ತಿದ್ದಳು. ಅವಳ ಗಂಡ ಕಡಲ ಪಾಲಾಗಿದ್ದ, ನನಗೆ ಮದುವೆ ಕೂಡಿಬಂದಿರಲಿಲ್ಲ. ಇಬ್ಬರೂ ಮುದುಕಿಯರಾಗುವವರೆಗೆ ಹೀಗೇ ಇರುತ್ತೇವೆಂದು ನಾನು ಎಣಿಸಿದ್ದೆ.

ಒಂದು ಬೇಸಿಗೆಯಲ್ಲಿ ಒತ್ತಿನೆಣೆಯವರು ನನ್ನನ್ನು ಕರೆಸಿದರು. ನಿಮ್ಮ ಕಾಲದಲ್ಲಿ ಅದು ಬೈಂದೂರಿನ ಕೆಂಪು ಗುಡ್ಡ. ಈಗ ಸುತ್ತ ನೀರು. ಅಲ್ಲಿಯ ಹಿರಿಯ ಬಚ್ಚಣ್ಣ ಧಕ್ಕೆ ಕಟ್ಟಲು ಹೊರಟಿದ್ದ. ಧಕ್ಕೆ ಎಂದರೆ ನಿಮಗೂ ಗೊತ್ತಿರಬೇಕು, ಹಡಗು ತಾಗಿ ನಿಲ್ಲುವ ಕಲ್ಲಿನ ಕಟ್ಟೆ. ಊರಿನವರೆಲ್ಲ ಸೇರಿ ಗುಡ್ಡದ ಮುರಕಲ್ಲು ಕಡಿದು ಕಡಲಿಗೆ ಇಳಿಸುತ್ತಿದ್ದರು. ಬಚ್ಚಣ್ಣ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದ. ಒಡೆದ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ. ಮಳೆಗೆ ಮೊದಲೇ ಮುಗಿಯಬೇಕೆಂಬ ಆತುರ ಅವನ ಪ್ರತಿ ಮಾತಿನಲ್ಲೂ ಇತ್ತು.

ಆತುರವೇಕೆಂದು ಅವನ ಮನೆಗೆ ಊಟಕ್ಕೆ ಹೋದಾಗ ತಿಳಿಯಿತು. ಬಡಿಸಿದವಳು ಮಗಳು ಪಾರು, ತುಂಬು ಬಸುರಿ. ದಿನ ಬೀಳುವುದು ನಡುಮಳೆಯಲ್ಲಿ. ಅವಳು ಹುಟ್ಟಿದ್ದೂ ಮಳೆ ಹಿಡಿದ ದಿನವೇ.

“ಕಾಣಿ ಅಕ್ಕ,” ಎಂದ ಬಚ್ಚಣ್ಣ, ಜಗಲಿಯಿಂದ ಕಡಲಿನತ್ತ ಕೈಮಾಡಿ. “ಹಡಗ್ ಅಲ್ಲಿ ಕಾಂತಿತ್ತ್. ಅದ್ರ ರೆಕ್ಕಿ ಕಾಂತಿತ್ತ್. ಹಡಗಲ್ಲಿ ದಾದಿ ಇದ್ರ್, ಮದ್ದಿತ್ತ್. ನನ್ ಹೆಂಡ್ತಿ ಶೇಷಿ ಇಲ್ಲಿ ಕೂಗ್ತಾ ಇದ್ಲ್. ನಡೂಕೆ ಇಷ್ಟೇ ನೀರ್. ದೋಣಿ ಹಾಕ್ದ್ರೆ ಅಲೆ ತಿರುಗ್ಸಿ ಬಿಸಾಡ್ತ್. ಈ ಮಗು ಉಳೀತ್, ಅವ್ಳ್ ಹೋದ್ಲ್. ಅವತ್ತೊಂದ್ ಧಕ್ಕೆ ಇದ್ದಿದ್ರೆ...”

ಪಾರು ನನ್ನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದಳು. ಅಷ್ಟು ಹೊತ್ತಿಗಾಗಲೇ ನಾನು ಅವರ ಮರಳನ್ನೂ ಬಾವಿಯನ್ನೂ ನೋಡಿಯಾಗಿತ್ತು.

ವಿಷಯ ಹೀಗಿತ್ತು. ದ್ವೀಪದ ಸಿಹಿನೀರೆಲ್ಲ ಬಡಗಣ ಮರಳದಿಣ್ಣೆಯ ಹಿಂದಿನ ಬಾವಿಗಳಲ್ಲಿತ್ತು. ಆ ದಿಣ್ಣೆಗೆ ಮರಳು ಬರುವುದು ತೆಂಕಲಿಂದ, ದಡದುದ್ದಕ್ಕೂ ಹರಿದು. ನಡುವೆ ಕಲ್ಲಿನ ಕಟ್ಟೆ ಅಡ್ಡ ಬಂದರೆ ಮರಳು ಅಲ್ಲೇ ನಿಲ್ಲುತ್ತದೆ, ದಿಣ್ಣೆ ಕರಗುತ್ತದೆ, ಬಾವಿಗೆ ಉಪ್ಪು ನುಗ್ಗುತ್ತದೆ. ಬೊಬ್ಬರಗುಡ್ಡೆಯಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೆ. ಅಲ್ಲಿ ಧಕ್ಕೆ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಹಡಗನ್ನು ಕಟ್ಟಬಹುದು. ಎಸೆದ ಹಗ್ಗ ಹಿಡಿಯಲು ದ್ವೀಪದಲ್ಲಿ ಒಬ್ಬರೂ ಇಲ್ಲ.

ಶಾಲೆಯ ಜಗಲಿಯಲ್ಲಿ ಊರು ಸೇರಿದಾಗ ನಾನು ಇದನ್ನೆಲ್ಲ ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಚ್ಚಣ್ಣ ಮಾತ್ರ ಕದಲಲಿಲ್ಲ.

“ಬಾವಿ ಹೋದ್ರೆ ಮಳಿನೀರ್ ಹಿಡ್ದ್ ಕುಡೀತ್ತೊ. ಪ್ರಾಣ ಹೋದ್ರೆ ಎಲ್ಲಿಂದ ತಕಂಡ್ ಬಪ್ಪುದ್? ಧಕ್ಕೆ ಕಟ್ಟುಕಾಗ ಅಂದ್ ಹೇಳ್ತ್ರಿ. ನನ್ ಮಗ್ಳಿಗೆ ಎಂತ ಹೇಳ್ತ್ರಿ?”

ಆಗ ಉಳಿದ ಒಂದು ಮಾತನ್ನೂ ಹೇಳಲೇಬೇಕಾಯಿತು. ಅದನ್ನು ಹೇಳದೆ ಮುಗಿಸಬಹುದೇನೋ ಎಂದು ಎರಡು ದಿನ ನನ್ನೊಳಗೇ ಹೊರಳಾಡಿದ್ದೆ. ಮಳೆ ಹಿಡಿದ ಕಡಲಿನಲ್ಲಿ ಇಂಥ ಕಟ್ಟೆಗೆ ಯಾವ ನಾವಿಕನೂ ಹಡಗು ತಾಗಿಸುವುದಿಲ್ಲ. ತಾಗಿಸಿದರೆ ಹಡಗು ಕಲ್ಲಿಗೆ ಬಡಿದು ಒಡೆಯುತ್ತದೆ.

ಬಚ್ಚಣ್ಣ ಬಟ್ಟೆ ಸುತ್ತಿದ ಕೈಯೂರಿ ಮುಂದಕ್ಕೆ ಬಾಗಿದ. “ಹಾಂಗಾರೆ ಅವತ್ತ್ ಧಕ್ಕೆ ಇದ್ದಿದ್ರೂ?”

“ಹಡಗ್ ಬತ್ತಿರ್ಲಿಲ್ಲ, ಬಚ್ಚಣ್ಣ.”

ಅವನು ಎದ್ದು ಹೊರಗೆ ಹೋದ. ಯಾರೂ ತಡೆಯಲಿಲ್ಲ. ಇಷ್ಟು ವರ್ಷ ಅವನು ಕಟ್ಟೆ ಇರಲಿಲ್ಲ ಎಂಬುದರ ಮೇಲೆ ಸಿಟ್ಟು ಮಾಡಿಕೊಂಡು ಬದುಕಿದ್ದ. ಆ ಸಿಟ್ಟು ಇಡಲು ಇನ್ನು ಅವನಿಗೆ ಜಾಗವೇ ಇಲ್ಲದಂತೆ ಮಾಡಿದ್ದೆ. ಹೊರಗೆ ಕಲ್ಲು ಕಡಿಯುವ ಸದ್ದು ಕೇಳುತ್ತದೆಂದು ಕಾದೆವು. ಕೇಳಲಿಲ್ಲ.

ಆಗ ಮಾತಾಡಿದವಳು ಪಾರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಯಾರ ಮೇಲೂ ದೂರಿಲ್ಲದ ಧ್ವನಿಯಲ್ಲಿ ಕೇಳಿದಳು: “ಧಕ್ಕೆ ಬ್ಯಾಡ. ಹಡಗೂ ಬಪ್ಪುದ್ ಬ್ಯಾಡ. ಮಳಿ ಮುಗಿಯುವರಿಗೆ ಯಾರಾರೂ ಒಬ್ರ್ ಇಲ್ಲೇ ಇಪ್ಪುಕೆ ಆತಿಲ್ಯಾ, ಅಕ್ಕ?”

ರೇವಿನ ಕೆಲಸ ಕಲಿತ ನಮಗೆಲ್ಲ ಬರುವ ಹೋಗುವ ಸಂಗತಿಯೇ ತಲೆಯಲ್ಲಿ. ಉಳಿಯುವುದೂ ಒಂದು ಸೇವೆ ಎಂದು ಯಾವ ನುಡಿಯಲ್ಲೂ ಬರೆದಿರಲಿಲ್ಲ. ಅಂದು ಸಂಜೆ ನಾನು ಬರೆದೆ: ಒತ್ತಿನೆಣೆಗೆ ಧಕ್ಕೆ ಬೇಡ. ಬೇಸಿಗೆಯಲ್ಲಿ ಹಡಗು ಆಚೆ ಲಂಗರು ಹಾಕಿ ದೋಣಿಯಲ್ಲಿ ಸಾಮಾನು ಇಳಿಸಲಿ. ಮಳೆಗೆ ಮೊದಲು ಬರುವ ಕೊನೆಯ ಹಡಗು ಒಬ್ಬ ದಾದಿಯನ್ನು ಮದ್ದಿನೊಡನೆ ಇಳಿಸಿ, ಮಳೆ ಕಳೆದ ಮೇಲೆ ಕರೆದೊಯ್ಯಲಿ. ಆಚೆ ನಿಂತಿದ್ದ ನಮ್ಮ ಹಡಗಿಗೆ ಹೋಗಿ, ಬರೆದದ್ದನ್ನು ಖುಷಿಯಿಂದಲೇ ಮೈಮೂನಳಿಗೆ ಓದಿ ಹೇಳಿದೆ.

ಅವಳು ಬಟ್ಟೆ ಮಡಚುತ್ತಿದ್ದಳು. “ದಾದಿ ಅಂದ್ರೆ ಯಾರ್?” ಎಂದಳು.

“ಕಾರ್ವಾರದಿಂದ ಯಾರನ್ನಾರೂ ಕಳ್ಸುಕೆ ಹೇಳ್ಕ್.”

“ಮಳಿ ಬಪ್ಪುಕೆ ಎಷ್ಟ್ ದಿನ ಇತ್ತ್ ಮಾರಾಯ್ತಿ? ಯಾರ್ ಬತ್ರ್? ನಾ ಇರ್ತೆ.”

ಬೇಡ ಎಂದು ನಾನು ಹೇಗೆ ಹೇಳಲಿ? ನನ್ನ ಕೈಯಲ್ಲೇ ಕಾಗದ ಇತ್ತಲ್ಲ. ಅವಳು ಮಡಚಿದ ಬಟ್ಟೆಗಳನ್ನು ಹಾಸಿಗೆಯ ಕೆಳಗಿಡದೆ ಚೀಲಕ್ಕೆ ತುಂಬಿದಳು. ದೋಣಿ ಹತ್ತುವಾಗ, “ಒಂದ್ ಮಳಿಗಾಲ ಅಲ್ದಾ, ಎಂತಕ್ಕೆ ಮುಖ ಸಣ್ಣ ಮಾಡ್ತೆ?” ಎಂದು ನಕ್ಕಳು. ದಡದಲ್ಲಿ ಬಚ್ಚಣ್ಣ ಮೊಣಕಾಲು ನೀರಿಗಿಳಿದು ಅವಳ ಚೀಲವನ್ನು ತಲೆಯ ಮೇಲೆ ಹೊತ್ತುಕೊಂಡ. ನನ್ನ ಕಡೆ ನೋಡಲಿಲ್ಲ. ಅವನ ಹಿಂದೆ, ಅರ್ಧ ಕಟ್ಟಿದ ಧಕ್ಕೆಯ ಕಲ್ಲುಗಳನ್ನು ಜನ ಒಂದೊಂದಾಗಿ ಮೇಲೆತ್ತುತ್ತಿದ್ದರು.

ಆ ಮಳೆಗಾಲ ನಾನು ಇದೇ ಅಳಿವೆಯಲ್ಲಿದ್ದೆ, ಮೊದಲ ಸಲ ಒಬ್ಬಳೇ. ಒತ್ತಿನೆಣೆಯಿಂದ ಸುದ್ದಿ ಬರುವ ಹಾದಿಯಿಲ್ಲ. ಗಾಳಿ ಜೋರಾದಾಗಲೆಲ್ಲ ಪಾರುವಿಗೆ ಇವತ್ತೇ ನೋವು ಬಂದಿರಬಹುದೇ ಎಂದು ಎದ್ದು ಕೂರುತ್ತಿದ್ದೆ. ನಾನು ಹೇಳಿದ್ದು ತಪ್ಪಾಗಿ ಆ ಹುಡುಗಿ ಹೋದರೆ ಬಚ್ಚಣ್ಣನ ಮುಂದೆ ಹೇಗೆ ನಿಲ್ಲಲಿ ಎಂದು ಯೋಚಿಸುತ್ತಿದ್ದೆ. ಅನ್ನ ಇಬ್ಬರಿಗಾಗುವಷ್ಟು ಬೇಯಿಸಿ ಬೆಳಗ್ಗೆ ಅದನ್ನೇ ಬಿಸಿ ಮಾಡಿ ಉಣ್ಣುವುದು ಆಗ ಶುರುವಾಯಿತು.

ಕಡಲು ಇಳಿದ ಮೇಲೆ ಮೊದಲ ಹಡಗಿನಲ್ಲೇ ಹೋದೆ. ದೋಣಿ ದಡ ಮುಟ್ಟುವ ಮೊದಲೇ ಪಾರು ಕಾಣಿಸಿದಳು, ಸೊಂಟದ ಮೇಲೆ ಗಂಡುಮಗು. ಹೆರಿಗೆ ಬಹಳ ಕಷ್ಟವಾಗಿತ್ತಂತೆ, ಮಗು ಅಡ್ಡ ತಿರುಗಿತ್ತಂತೆ. ಮೈಮೂನ ಇಲ್ಲದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಹೇಳದವರಿಲ್ಲ. ಬಚ್ಚಣ್ಣ ಮೊಮ್ಮಗನನ್ನು ನನ್ನ ಕೈಗೆ ಕೊಟ್ಟ. “ಊಟ ಮಾಡ್ಕಂಡೇ ಹೋಯ್ಕ್” ಎಂದ. ಹೇಳುವುದನ್ನು ಹೇಳಿಯಾದ ಮೇಲೂ ನನ್ನನ್ನು ಊಟಕ್ಕೆ ಕರೆದವನು ಅವನೊಬ್ಬನೇ.

ಊರಿನವರು ಮೈಮೂನಳನ್ನು ಮಳೆತಂಗಿ ಎಂದು ಕರೆಯುತ್ತಿದ್ದರು. ಮಳೆಯಲ್ಲಿ ತಂಗಿದವಳು ಎಂದರೂ ಸರಿ, ಮಳೆ ಕೊಟ್ಟ ತಂಗಿ ಎಂದರೂ ಸರಿ. ಅವಳ ಮೈ ತುಂಬಿಕೊಂಡಿತ್ತು, ಮಾತಿನಲ್ಲಿ ಒತ್ತಿನೆಣೆಯ ಎಳೆತ ಬಂದಿತ್ತು. ಅವಳ ಚೀಲ ಹೊತ್ತುಕೊಳ್ಳಲು ಕೈಚಾಚಿದೆ.

“ಇನ್ನೂ ಇಬ್ರ್ ಬಸ್ರಿಯರ್ ಇದ್ರ್,” ಎಂದಳು ಮೆಲ್ಲಗೆ. “ಒಂದ್ ಅಜ್ಜಿಗೆ ಉಬ್ಬಸ. ಹ್ಯಾಂಗ್ ಬಿಟ್ಟ್ ಬಪ್ಪುದ್? ನೀನೇ ಇಲ್ಲಿರ್ ಮಾರಾಯ್ತಿ. ಮನಿ ಮಾಡುವ.”

ಇರಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದು ನಿಮಗೆ ಹೇಗೆ ತಿಳಿಸಲಿ? ಆದರೆ ತೆಂಕಲ ಎರಡು ದ್ವೀಪಗಳಲ್ಲಿ ಧಕ್ಕೆಗೆ ಕಲ್ಲು ಇಳಿಸಲು ಆರಂಭಿಸಿದ್ದರು, ಅವರಿಗೂ ಬಾವಿಗಳಿದ್ದವು. ನಾನು ಹೋಗದಿದ್ದರೆ ಹೋಗುವವರು ಬೇರೆ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕರೆದೆವು, ಇಬ್ಬರಿಗೂ ಬರಲಾಗಲಿಲ್ಲ.

ಈಗ ಹೆಚ್ಚಿನ ದ್ವೀಪನಾಡುಗಳಲ್ಲಿ ಮಳೆತಂಗಿಯರಿದ್ದಾರೆ. ಅದನ್ನು ನನ್ನ ನುಡಿ ಎಂದು ಜನ ಹೊಗಳುತ್ತಾರೆ. ಅದು ಪಾರುವಿನ ನುಡಿ. ಹಡಗಿಗೆ ಹೊಸ ದಾದಿ ಯಾರೂ ನಿಲ್ಲುವುದಿಲ್ಲ, ತರಬೇತಾದವರೆಲ್ಲ ದ್ವೀಪಗಳಿಗೆ ಬೇಕು. ಕೋಣೆಯಲ್ಲಿ ಎದುರಿನ ಹಾಸಿಗೆಯ ಮೇಲೆ ನನ್ನ ನಕ್ಷೆಗಳಿವೆ.

ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಕಾಲದಲ್ಲೂ ದ್ವೀಪಗಳಿಗೆ ಬುದ್ಧಿ ಹೇಳಲು ಹೋಗುವವರು ಇದ್ದಾರೆಂದು ಓದಿದ್ದೇನೆ. ಅವರು ಹಡಗು ಬರುವ ದಿನದ ಮಾತನ್ನು ಚೆನ್ನಾಗಿ ಆಡುತ್ತಾರೆ. ಹಡಗು ಬಾರದ ದಿನ ಅಲ್ಲಿ ಯಾರಿರುತ್ತಾರೆ ಎಂದು ನೀವು ಕೇಳಿ. ಹೆಸರು ಹೇಳುವವರೆಗೆ ಬಿಡಬೇಡಿ. ಆ ಹೆಸರು ಯಾರದೋ ಮನೆಯಿಂದ, ಯಾರದೋ ಪಕ್ಕದಿಂದ ಎದ್ದು ಬರಬೇಕಾದ್ದು ಎಂಬುದನ್ನೂ ಮರೆಯಬೇಡಿ.

ಕೊನೆಯ ಸಲ ಮೈಮೂನಳನ್ನು ಕಂಡದ್ದು ಹೋದ ಬೇಸಿಗೆಯಲ್ಲಿ. ದಡದ ಮೇಲೆ ಕುಳಿತು ಅರ್ಧ ಮಾತಾಡಿದ್ದೆವಷ್ಟೆ, ಮೇಲಿನಿಂದ ಒಬ್ಬಳು ಓಡಿಬಂದು ಹೆರಿಗೆ ನೋವು ಶುರುವಾಯಿತೆಂದು ಕೂಗಿದಳು. ಮೈಮೂನ ಚಪ್ಪಲಿಯನ್ನೂ ಮೆಟ್ಟದೆ ಗುಡ್ಡ ಹತ್ತಿದಳು. ನಾವಿಕ ಗಾಳಿ ತಪ್ಪುತ್ತದೆಂದು ಅವಸರ ಮಾಡಿದ. ದೋಣಿ ದೂರ ಬಂದ ಮೇಲೆ, ಗುಡ್ಡದ ಮೇಲಿಂದ ಎಳೆಯ ಅಳು ಕೇಳಿಸಿದಂತಾಯಿತು. ಹಕ್ಕಿಯೂ ಇರಬಹುದು. ಅಳುವೇ ಎಂದುಕೊಂಡು ಹೊರಟೆ.

ಸುಖವಾಗಿರಿ.

ಮೂಕಾಂಬು