ತೊಳೆದ ಫೋಟೋ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಲದ ನಮಸ್ಕಾರಗಳು. ಚಿಕ್ಕಂದಿನಲ್ಲಿ ನಿನ್ನ ಹಿಂದೆ ಹಿಂದೆಯೇ ಸುತ್ತುತ್ತಿದ್ದವಳು ಇಷ್ಟು ದಿನ ಒಂದು ಸಾಲೂ ಬರೆಯದೆ ಕೂತೆನಲ್ಲ, ಬೈದುಕೋ. ಆದರೆ ಅರ್ಧ ಬೈಗುಳ ನಿನ್ನ ಪಾಲಿಗೂ ಇರಲಿ. ಫೋನ್ ಮಾಡಿದರೆ ಭಾವ ಎತ್ತಿ "ಅವಳು ಡ್ಯೂಟೀಲಿದಾಳೆ" ಅನ್ನುತ್ತಾರೆ, ಹಿಂದಿನಿಂದ ನೀನು ಕೆಮ್ಮುವುದು ಕೇಳಿಸುತ್ತದೆ. ಪಾಪ, ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ಈ ಕಾಗದ.

ಗುಂಡ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ಹಾಲು ಕುಡಿಯುತ್ತಾನೆ, ಮೈ ಕೈ ತುಂಬಿಕೊಳ್ಳುತ್ತಿದ್ದಾನೆ. ಮೂಗು ಅವನಪ್ಪನದೇ, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಮೈಯ ಹಳದಿಯೆಲ್ಲ ಇಳಿದಿದೆ.

ನೀನು ನರ್ಸು, ನಿನಗೆ ಗೊತ್ತಿರುವುದೇ. ಆದರೂ ಡಾಕ್ಟರಮ್ಮ ನನಗೆ ಹೇಳಿದ ಹಾಗೇ ಬರೆಯುತ್ತೇನೆ. "ನಿಮ್ಮದು ಓ ಗುಂಪು, ಮಗುವಿಗೆ ಅವರಪ್ಪನ ಬಿ ಬಂದಿದೆ. ನಿಮ್ಮ ರಕ್ತದಲ್ಲಿ ಬಿ ಗುಂಪು ಕಂಡ್ರೆ ಆಗದ ಕಾವಲುಗಾರರು ಇರ್ತಾರೆ. ಅವ್ರು ಹೊಟ್ಟೇಲಿದ್ದಾಗಲೇ ಮಗುವಿನ ಮೈಗೆ ದಾಟಿ ಅದರ ರಕ್ತಕಣಗಳನ್ನ ಒಡೀತಾರೆ. ಒಡೆದದ್ದೇ ಈ ಹಳದಿ ಆಗೋದು. ಎಷ್ಟೋ ಮಕ್ಕಳಿಗೆ ಏನೂ ಆಗಲ್ಲ, ಕೆಲವರಿಗೆ ನೀಲಿ ಬೆಳಕಲ್ಲಿ ಮಲಗಿಸಿದ್ರೆ ಸಾಕು. ನಿಮ್ಮ ಮಗುವಿಗೆ ಜೋರಾಗಿಯೇ ಬಂದಿದೆ, ನೀವು ತಡವಾಗಿ ಬಂದಿದೀರಿ. ರಕ್ತ ಬದಲಾಯಿಸ್ಬೇಕು."

ನಾನು ರವಿಕೆಯ ತೋಳು ಮೇಲಕ್ಕೆ ಮಡಚಿ ಕೈ ಮುಂದೆ ಚಾಚಿದೆ. "ನನ್ನದೇ ತಗೊಳ್ಳಿ, ಓ ಎಲ್ಲರಿಗೂ ಆಗುತ್ತಲ್ಲ" ಅಂದೆ. ಕಾಲೇಜಿನಲ್ಲಿ ರಕ್ತ ಕೊಟ್ಟು ಬಿಸ್ಕತ್ತು ತಿಂದು ವಾರವಿಡೀ ಬೀಗಿದವಳಲ್ಲವೇ ನಾನು. "ಓ ಗುಂಪಿನದೇ ಹಾಕ್ತೀವಿ ಅಮ್ಮ. ನಿಮ್ಮದು ಮಾತ್ರ ಬೇಡ" ಅಂದರು. ಯಾರೋ ಮುಖ ಕಾಣದವರ ರಕ್ತ ಸಿರಿಂಜಿನಿಂದ ಸ್ವಲ್ಪ ಸ್ವಲ್ಪವೇ ಅವನೊಳಗೆ ಹೋಗುತ್ತಿತ್ತು, ಅವನದು ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತಿತ್ತು. ಗಾಜಿನ ಈಚೆ ನಿಂತು ನೋಡುವುದು ಬಿಟ್ಟರೆ ನನ್ನಿಂದ ಏನೂ ಆಗುವಂತಿರಲಿಲ್ಲ. ಹೆತ್ತವಳು ನಾನೇ, ಅವನಿಗೆ ಆಗದವಳೂ ನಾನೇ. ಬಹಳ ಅತ್ತೆ, ಅಕ್ಕ.

ಈಗ ಮುಖ್ಯ ವಿಷಯ. ನಮ್ಮತ್ತೆ ಬಂದವರ ಮುಂದೆಲ್ಲ "ನರ್ಸಂತೆ ನರ್ಸು, ಫೋಟೋ ನೋಡಿ ಮಗು ಕೆಂಪಗೆ ಚೆನ್ನಾಗಿದೆ ಅಂದಳಂತೆ" ಅಂತ ಹೇಳುತ್ತಿರುವುದು ನಿನ್ನ ಕಿವಿಗೂ ಬಿದ್ದಿರಬೇಕು. ನೀನು ಫೋನ್ ಎತ್ತದಿರುವುದಕ್ಕೆ ಕಾರಣ ಅದೇ, ಬೇರೇನೂ ಅಲ್ಲ ಅಂತ ನನಗೆ ಗೊತ್ತು.

ನಮ್ಮ ಯಜಮಾನರ ಸ್ಟುಡಿಯೋದಲ್ಲಿ ಒಂದು ಮಾತಿದೆ. ಫೋಟೋದಲ್ಲಿ ಮುಖದ ಕಪ್ಪು, ಹಳದಿ ತೆಗೆದು ತಿಳಿ ಮಾಡುವುದಕ್ಕೆ ತೊಳೆಯುವುದು ಅನ್ನುತ್ತಾರೆ. ರೀಲಿನ ಕಾಲದಿಂದ ಉಳಿದ ಮಾತು. ಮದುಮಗಳನ್ನೂ ತೊಳೆಯುತ್ತಾರೆ, ಪಾಸ್‌ಪೋರ್ಟ್ ಫೋಟೋದವರನ್ನೂ ತೊಳೆಯುತ್ತಾರೆ. ನೀನು ಅವತ್ತು "ಮಗು ಹಳದಿ ಕಾಣುತ್ತಾ? ಕಿಟಕಿ ಬೆಳಕಲ್ಲಿ ಒಂದು ಫೋಟೋ ತೆಗೆದು ಕಳಿಸಿ" ಅಂದೆಯಲ್ಲ, ಇವರು ದೊಡ್ಡ ಕ್ಯಾಮೆರಾದಲ್ಲೇ ತೆಗೆದರು. ಅಪ್ಪ ಆದಮೇಲೆ ಮೊದಲ ಫೋಟೋ ಅಂತ ತಮ್ಮ ಅಂಗಡಿ ಹುಡುಗರಿಗೆಲ್ಲ ತೋರಿಸಿ, ಕಂಪ್ಯೂಟರಿನ ಮುಂದೆ ಕೂತು, ದಿನವೂ ಮಾಡುವ ಹಾಗೆ ಕೈ ತಾನಾಗಿ ಮಾಡಿಬಿಟ್ಟಿದೆ. ಹಳದಿಯೆಲ್ಲ ತೊಳೆದು ನಿನಗೆ ಕಳಿಸಿದ್ದಾರೆ.

ಗೊತ್ತಾದದ್ದು ಆಸ್ಪತ್ರೆಯಲ್ಲಿ. ಹಳದಿ ಯಾವಾಗ ಶುರುವಾಯಿತು ಅಂತ ಡಾಕ್ಟರಮ್ಮ ಕೇಳಿದಾಗ ನಾನು ಆ ಫೋಟೋ ತೋರಿಸಿದೆ. "ಇದರಲ್ಲಿ ಚೆನ್ನಾಗೇ ಇದಾನಲ್ಲ" ಅಂದು ಅವರು ಆಚೆ ಹೋದರು. ಇವರು ಫೋನ್ ಕಿತ್ತುಕೊಂಡು ನೋಡಿ, ಗೋಡೆಗೆ ಒರಗಿ ಹಾಗೇ ನೆಲದ ಮೇಲೆ ಕೂತರು. "ಇದು ತೊಳೆದದ್ದು ಕಣೇ" ಅಂದರು. ಕೇಳಿಸಿಕೊಂಡವಳು ನಾನೊಬ್ಬಳೇ.

ನಿಮ್ಮಮ್ಮನಿಗೆ ಹೇಳಿ ಅಂದರೆ "ಹೇಳ್ತೀನಿ, ಸ್ವಲ್ಪ ತಡಿ" ಅನ್ನುತ್ತಾರೆ. ಅತ್ತೆ ನಿನ್ನನ್ನು ಆಡಿಕೊಳ್ಳುವಾಗ ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಾರೆ. ಅಂಗಡಿಯಲ್ಲಿ ಈಗ ಯಾರ ಮುಖವನ್ನೂ ತೊಳೆಯುವುದಿಲ್ಲವಂತೆ, ಗಿರಾಕಿಗಳು ಫೋಟೋ ಎಸೆದು ಹೋಗುತ್ತಿದ್ದಾರಂತೆ. ಕೋಪ ಮಾಡಿಕೊಳ್ಳೋಣವೆಂದು ನೋಡಿದೆ. ಬರುತ್ತದೆ, ನಿಲ್ಲುವುದಿಲ್ಲ. ನಿನ್ನ ತಪ್ಪಿಲ್ಲ ಅಂತ ಹೇಳಬೇಕಾದರೆ ಇವರನ್ನು ಬಿಟ್ಟುಕೊಡಬೇಕು. ಬಿಟ್ಟುಕೊಟ್ಟಿದ್ದೇನೆ. ನೀನು ನೋಡಿದ್ದು ನಮ್ಮ ಮಗುವನ್ನೇ ಅಲ್ಲ, ಅಕ್ಕ. ಇನ್ನಾದರೂ ಫೋನ್ ಎತ್ತು.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು. ಗುಂಡನಿಗೆ ದೊಡ್ಡಮ್ಮನ ಆಶೀರ್ವಾದ ಇರಲಿ, ನನಗೂ ಒಂದಿಷ್ಟು ಉಳಿಸು.

ನಿನ್ನ,
ಬಾಲ

ಲಕೋಟೆ ಅಂಟಿಸುವ ಮೊದಲು ಇನ್ನೊಂದು. ನಿನ್ನೆ ಅಡುಗೆಮನೆಯ ಕಟ್ಟೆಯಿಂದ ಸ್ಟೀಲಿನ ಕೊಡ ಉರುಳಿ ಬಿತ್ತು. ಗೋಡೆಯಾಚೆ ಪಕ್ಕದ ಮನೆಯ ಕೂಸು ಬೆಚ್ಚಿ ಕಿರುಚಿಕೊಂಡಿತು. ನಮ್ಮ ಗುಂಡ ಅಲ್ಲೇ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡಿದ್ದ, ರೆಪ್ಪೆ ಕೂಡ ಅಲುಗಲಿಲ್ಲ. ಹಳದಿ ತಲೆಗೇರಿದ್ದರೆ ಕಿವಿಗೂ ತೊಂದರೆ ಆಗಿರಬಹುದು, ಪರೀಕ್ಷೆ ಮಾಡಿಸಿ ಅಂತ ಡಾಕ್ಟರಮ್ಮ ಹೇಳಿದ್ದರು. ಅವರು ಹೇಳಿದ್ದು ನನಗೊಬ್ಬಳಿಗೇ, ನಾನು ಇವರಿಗೆ ಇನ್ನೂ ಹೇಳಿಲ್ಲ. ಸದ್ದು ಕೇಳಿ ಇವರು ಓಡಿ ಬಂದು, ಅವನನ್ನು ಎತ್ತಿಕೊಂಡು, "ನೋಡೇ, ನಮ್ಮ ಮಗ ಎಂಥ ಧೈರ್ಯವಂತ, ಹೆದರಲೇ ಇಲ್ಲ" ಅಂತ ನಕ್ಕರು. ಎಷ್ಟು ದಿನಗಳ ಮೇಲೆ ನಕ್ಕಿದ್ದು. ನಾನೂ ನಕ್ಕು, "ಹೌದು, ನಿಮ್ಮ ಹಾಗೇ" ಅಂದೆ.