ಕಣ್ಣ ಸುತ್ತಿನ ಕೆಂಪು

ಕಿಕ್ಕೇರಿ
೧೨-೨-೧೯೬೭

ಪ್ರೀತಿಯ ತಮ್ಮ ಚಿಕ್ಕಸ್ವಾಮಿಗೆ,

ನಿನ್ನ ಅಕ್ಕನ ಆಶೀರ್ವಾದ. ಮೊಣಕಾಲು ನೋವು ವಾಸಿಯಾಯಿತೆ? ಬಸುರಿ ಜಯಲಕ್ಷ್ಮಿ ಹೇಗಿದ್ದಾಳೆ? ಹೆಂಡತಿಯ ಕೈಲಿ ಅಂಗಡಿಯ ಮೂಟೆ ಎತ್ತಿಸಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ನನ್ನ ವಿಷಯ ಬರೆಯುತ್ತೇನೆ, ಕೋಪ ಬಿಟ್ಟು ಓದು. ನೀನು ಗೌರಿ ಹಬ್ಬಕ್ಕೆ ಬಾಗಿನ ತಂದ ದಿನ ನನ್ನ ರೆಪ್ಪೆಗಳು ನೇರಳೆ ಬಣ್ಣಕ್ಕೆ ತಿರುಗಿ ಊದಿದ್ದವು, ಬೆರಳ ಗೆಣ್ಣುಗಳು ಕೆಂಪಾಗಿದ್ದವು. ಕೂತರೆ ಏಳಲಾಗದ ನನ್ನನ್ನು ನಿನ್ನ ಭಾವ ಎರಡೂ ತೋಳು ಹಿಡಿದು ನೆಲದಿಂದ ಎಬ್ಬಿಸುತ್ತಿದ್ದರು. ನಿನಗದು ಎಳೆದಾಡಿದಂತೆ ಕಂಡಿತು. ಬಾಗಿನದ ಮೊರ ಜಗಲಿಯ ಮೇಲಿಟ್ಟವನೇ ಅವರ ಕೆನ್ನೆಗೆ ಹೊಡೆದೆ. ಬೇಡವೆಂದು ನಾನು ಅಡ್ಡ ಬಂದರೆ, "ವಡಿಸ್ಕಂಡೂ ಅವ್ನ ಕಡೀಕೇ ಮಾತಾಡ್ತೀಯಲ್ಲಕ್ಕ" ಎಂದು ನನ್ನ ಮೇಲೇ ರೇಗಿ ಹೊರಟುಹೋದೆ. ಆಮೇಲೆ ಅವರು ಬರೆದ ಲಕೋಟೆಯನ್ನೂ ಒಡೆಯದೆ ವಾಪಸು ಕಳಿಸಿದೆ. ಅಪ್ಪನ ಹಾಗೆ ನಿನಗೂ ಮೂಗಿನ ತುದಿಯಲ್ಲೇ ಕೋಪ.

ಅವರು ಹೊಡೆದಿರಲಿಲ್ಲ ಕಣೋ. ಮೈಸೂರಿನ ಡಾಕ್ಟರು ನೋಡಿ, ಅಪರೂಪಕ್ಕೆ ಬರುವ ಕಾಯಿಲೆ ಎಂದರು. ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಚರ್ಮವನ್ನೂ ಮಾಂಸವನ್ನೂ ತಿನ್ನುತ್ತದಂತೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಯಾರಿಂದಲೂ ಅಂಟಿದ್ದಲ್ಲ, ಯಾರೂ ಮಾಟ ಮಾಡಿಸಿದ್ದೂ ಅಲ್ಲ. ಬಿಸಿಲಿಗೆ ಹೋದರೆ ಕೆಂಪು ಹೆಚ್ಚುತ್ತದೆ. ಮಾತ್ರೆಯಿಂದ ಮುಖ ಊದಿತೇ ಹೊರತು ತೋಳಿಗೆ ಬಲ ಬರಲಿಲ್ಲ. ಈಗ ಮುದ್ದೆ ತೊಳಸುವುದೂ, ನನಗೆ ತಲೆ ಬಾಚುವುದೂ ನಿನ್ನ ಭಾವನೇ. ಅವರು ಹೆಣೆದ ಜಡೆ ಎತ್ತಿನ ಹಗ್ಗದ ಹಾಗಿರುತ್ತದೆ. ಬೀದಿಯವರು ನಗುತ್ತಾರೆ, ನಾನೂ ನಗುತ್ತೇನೆ.

ಮೈಸೂರಿಗೆ ಹೋಗುವಾಗ ಬಸ್ಸು ಶ್ರೀರಂಗಪಟ್ಟಣದಲ್ಲಿ ನಿನ್ನ ಅಂಗಡಿಯ ಎದುರಿಗೇ ನಿಂತಿತು. ನೀನು ಯಾರಿಗೋ ಬೆಲ್ಲ ತೂಗುತ್ತಿದ್ದೆ. ಕರೆಯಲು ದನಿ ಸಾಲಲಿಲ್ಲ, ಕೈ ಬೀಸೋಣವೆಂದರೆ ಕೈ ಏಳಲಿಲ್ಲ. ನಿನ್ನನ್ನು ಕರೆತರಲು ಅವರು ಎದ್ದರು. ಜನರ ಮುಂದೆ ನೀನು ಮತ್ತೆ ಕೈ ಮಾಡಿದರೆ ಎಂದು ನಾನೇ ತಡೆದೆ. ಬಸ್ಸು ಹೊರಟ ಮೇಲೆ ಅತ್ತುಬಿಟ್ಟೆ. ಅವರಿಗೆ ನಿನ್ನ ಮೇಲೆ ಸಿಟ್ಟಿಲ್ಲ. "ಬುಡು, ಅಕ್ಕನ ಮ್ಯಾಲಿನ ಆಸೆಗೆ ತಾನೆ ವಡ್ದಿದ್ದು" ಅಂದರು.

ಜಯಲಕ್ಷ್ಮಿಗೆ ನನ್ನ ಹರಕೆ. ಹೆಣ್ಣಾದರೆ ಮಗುವಿಗೆಂದು ಅಮ್ಮನ ಓಲೆ ತೆಗೆದಿಟ್ಟಿದ್ದೇನೆ.

ನಿನ್ನ ಅಕ್ಕ,
ಪುಟ್ಟಲಕ್ಷ್ಮಮ್ಮ

ಒಂದು ಮಾತು ಬಿಟ್ಟುಹೋಯಿತು. ಈಗ ನೀರೂ ಗಂಟಲಲ್ಲಿ ಇಳಿಯದೆ ಮೂಗಿಗೆ ಬರುತ್ತದೆ. ಬೆರಳುಗಳೂ ಸೋತಿವೆ, ಇಷ್ಟು ಬರೆಯಲು ದಿನಗಳೇ ಹಿಡಿದವು. ಬರುವುದಾದರೆ ಬೇಗ ಬಾ. ಇನ್ನು ಮುಂದೆ ಬರುವ ಪತ್ರ ನಿನ್ನ ಭಾವನ ಅಕ್ಷರದಲ್ಲಿರುತ್ತದೆ. ಅದನ್ನು ವಾಪಸು ಕಳಿಸಬೇಡ ತಮ್ಮಾ, ಒಡೆದು ಓದು.