ಅಕ್ಕನ ದನಿಗೊಂದು ಫ್ಯಾನು

ಜೂನ್ 3, ಸಂಜೆ
ಮತ್ತೆ ಆಫ್. ಇಂದು ಮೂರನೇ ಸಲ. ಹನ್ನೆರಡು ವಾಕ್ಯ ಮುಗಿಯುವಷ್ಟರಲ್ಲಿ ಕಂಪ್ಯೂಟರ್ ಕಾದು ತಾನಾಗಿ ನಿಂತುಹೋಯಿತು. ಅದಕ್ಕೂ ಮೊದಲು ಹಿಂಬದಿಯ ಫ್ಯಾನಿನ ಅಬ್ಬರ — ಥೇಟ್ ಹಿಟ್ಟಿನ ಗಿರಣಿ. ರೆಕಾರ್ಡಿಂಗ್ ಕೇಳಿದರೆ ಅಕ್ಕನ ದನಿಯ ಹಿಂದೆ ಅದೇ ಗೊರಗೊರ.

ಹದಿನೆಂಟಕ್ಕೆ ಅಕ್ಕನ ಗಂಟಲಿನ ಆಪರೇಷನ್. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಅಷ್ಟರೊಳಗೆ ಆರುನೂರು ವಾಕ್ಯ ಓದಿಸಿದರೆ, ಮುಂದೆ ಅಕ್ಕ ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಅವಳದೇ ದನಿಯಲ್ಲಿ ಹೇಳುತ್ತದಂತೆ. ಬೇರೆ ಸದ್ದು ಬೆರೆತಿರಬಾರದು, ಅಷ್ಟೇ.

ಇಪ್ಪತ್ತೆರಡು ವರ್ಷ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವಳು. "ಅಷ್ಟು ಬಸ್ಸುಗಳ ಗದ್ದಲದಲ್ಲೇ ಕೇಳಿಸ್ತಿದ್ದೆ ಕಣೇ. ಈ ಡಬ್ಬ ಯಾವ ಲೆಕ್ಕ?" ಎಂದಳು. ನಗಲು ಹೋಗಿ ಕೆಮ್ಮಿದಳು.

ಜೂನ್ 5
ರಿಪೇರಿ ಅಂಗಡಿ. ಅಂಗಡಿಯವರು ಬಣ್ಣದ ದೀಪ ಮಿನುಗುವ ಫ್ಯಾನ್ ಮುಂದಿಟ್ಟರು. "ಇದು ಒಳ್ಳೇ ಸ್ಪೀಡು ಮೇಡಂ." ಸ್ಪೀಡ್ ಬೇಡ, ಸದ್ದು ಬರಬಾರದು ಎಂದೆ. ಯಾಕೆಂದು ಕೇಳಿದರು. ಹೇಳಿದೆ. ದೀಪದ್ದನ್ನು ಒಳಗಿಟ್ಟರು. ಕಪ್ಪಗಿನ, ದೊಡ್ಡದೊಂದನ್ನು ತೆಗೆದರು. "ರೆಕ್ಕೆ ದೊಡ್ಡದಿದ್ರೆ ನಿಧಾನ ತಿರುಗಿದ್ರೂ ಗಾಳಿ ಸಾಕಾಗುತ್ತೆ. ಸ್ಕ್ರೂ ಬೇಡ, ಈ ರಬ್ಬರ್ ಪಿನ್ ಹಾಕಿ. ಅದುರಲ್ಲ."

ಜೂನ್ 6, ಬೆಳಿಗ್ಗೆ
ಕೂರಿಸಿದೆ. ಸದ್ದೇ ಇಲ್ಲ... ಇಪ್ಪತ್ತು ನಿಮಿಷ. ಮತ್ತೆ ಕಾದು ಆಫ್. ಅಕ್ಕನ ಮೇಲೆ ರೇಗಿದೆ. ಪಾಪ, ಅವಳೇನು ಮಾಡಿದ್ದಳು?

ಮಧ್ಯಾಹ್ನ
ಅಕ್ಕ ಫ್ಯಾನಿನ ಹಿಂದೆ ಕಾಗದದ ಚೂರು ಹಿಡಿದಳು. ಪಟ್ಟನೆ ಅಂಟಿಕೊಂಡಿತು. "ನೋಡೇ, ಹೊರಗೆ ಹೋಗ್ಬೇಕಾದ ಗಾಳಿ ಒಳಗೆ ಬರ್ತಿದೆ." ಚೌಕಟ್ಟಿನ ಅಂಚಿನಲ್ಲಿ ಪುಟ್ಟ ಬಾಣದ ಗುರುತಿತ್ತು. ನಾನು ಉಲ್ಟಾ ಕೂರಿಸಿದ್ದೆ. ಬಿಚ್ಚಿದೆ, ಧೂಳು ಹೊಡೆದೆ, ತಿರುಗಿಸಿ ಹಾಕಿದೆ. ಒಂದೇ ಸಮನೆ ನಲವತ್ತು ವಾಕ್ಯ. ಕಂಪ್ಯೂಟರ್ ತಣ್ಣಗಿದೆ. ಅಕ್ಕನ ದನಿ ಮಾತ್ರ, ಬೇರೇನೂ ಇಲ್ಲ.

ಜೂನ್ 14
ಎಂಟು ದಿನ ಬರೆದಿಲ್ಲ. ಮುನ್ನೂರಕ್ಕೆ ಬಂದಾಗ ಅಕ್ಕನ ಗಂಟಲು ಕಟ್ಟಿತು. ನಾಲ್ಕು ದಿನ ಬರೀ ಸನ್ನೆ. ಫ್ಯಾನ್ ಮಾತ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಅದನ್ನು ಕಂಡರೇ ಸಿಟ್ಟು. ಇಂದು ಮತ್ತೆ ಶುರು. 340.

ಜೂನ್ 17, ಸಂಜೆ
ಆರುನೂರು! ಪಟ್ಟಿ ಮುಗಿಯಿತು. ನಿಲ್ಲಿಸಲು ಹೋದೆ. ಅಕ್ಕ ಕೈ ಹಿಡಿದಳು. ಮೈಕಿನ ಹತ್ತಿರ ಬಾಗಿ ನನ್ನನ್ನು ಬೈಯತೊಡಗಿದಳು — ಸೋಮಾರಿ, ಮುಂಗೋಪಿ, ಹೊತ್ತಿಗೆ ಸರಿಯಾಗಿ ಉಣ್ಣದವಳು... "ಬೈಯೋಕೂ ನನ್ನ ದನೀನೇ ಬೇಕಲ್ವೇನೆ? ಮೆತ್ತಗೆ ಹೇಳಿದ್ರೆ ನೀನು ಯಾವತ್ತು ಕೇಳಿದ್ದೀಯ?" ಇಬ್ಬರೂ ನಕ್ಕೆವು. ಆ ನಗುವೂ ರೆಕಾರ್ಡ್ ಆಗಿದೆ. ಅಳಿಸಲಿಲ್ಲ.

ಜೂನ್ 18, ಬೆಳಿಗ್ಗೆ 6.10
ಬ್ಯಾಗು ಸಿದ್ಧ. ಆಸ್ಪತ್ರೆಗೆ ಹೋಗಲು ಕಾರು ಬಂದಿದೆ. ಅಕ್ಕ ಮೆಟ್ಟಿಲ ಕೆಳಗಿನಿಂದ ಕರೆಯುತ್ತಿದ್ದಾಳೆ. ಕೂಗಬಾರದೆಂದು ಡಾಕ್ಟರ್ ಹೇಳಿದ್ದಾರೆ. ನನಗೆ ಕೇಳಿಸುತ್ತಿದೆ. ಓಗೊಡಲು ಮನಸ್ಸಿಲ್ಲ. ಇನ್ನೊಂದು ಸಲ ಕರೆಯಲಿ. ಒಂದೇ ಒಂದು —